ಪದಚರ್ಚೆ: ‘ಸ್ಪೇಷಿಯಲ್’ಗೆ ‘ಪ್ರಾದೇಶಿಕ’ ಸರಿಯೇ?

ಗೆಳೆಯರೇ,

ಜಿಐಎಸ್ (ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಾಗಕ್ಕೆ ಅಂಟಿದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಕೂಡಿಸಿ ವಿಶ್ಲೇಷಿಸುವುದು) ಕೆಲಸಗಳನ್ನು ವಿದ್ಯಾರ್ಥಿಗಳಿಗೆ ಪರಿಚಯಿಸುವ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಅದರಲ್ಲಿ ‘ಸ್ಪೇಷಿಯಲ್ ಡೇಟಾ ಅನಲಿಸ್ಟ್’ ಎಂಬ ಹುದ್ದೆ ‘ಪ್ರಾದೇಶಿಕ ದತ್ತಾಂಶ ವಿಶ್ಲೇಷಕ’ ಆಗಿದೆ. ಓದಿದವರು ಯಾವುದೋ ವಲಯ ಕಚೇರಿಯಲ್ಲಿ ಅಂಕಿಅಂಶ ಬರೆದುಕೊಂಡು ಕೂತಿರುವವರು ಅಂದುಕೊಳ್ಳುತ್ತಾರೆ, ಅಲ್ವಾ? ಪ್ರಾದೇಶಿಕ ಭಾಷೆ, ಪ್ರಾದೇಶಿಕ ಪಕ್ಷ ಎಂದೆಲ್ಲ ಬಳಸಿ ಬಳಸಿ ಆ ಪದಕ್ಕೆ ‘ರೀಜನಲ್’ ಅನ್ನುವ ಅರ್ಥವೇ ಅಂಟಿಕೊಂಡಿದೆ.

ಇಲ್ಲಿ ಬೇಕಿರುವ ಅರ್ಥ ಬೇರೆ. ಒಂದು ವಸ್ತು ಭೂಮಿಯ ಮೇಲೆ ಎಲ್ಲಿದೆ, ಅದರ ಆಕಾರ ಏನು, ಅಕ್ಕಪಕ್ಕ ಏನಿದೆ ಅನ್ನುವುದು. ಶಾಲೆಗಳ ಹೆಸರು, ಮಕ್ಕಳ ಸಂಖ್ಯೆ ಇರುವ ಪಟ್ಟಿ ಬರೀ ಪಟ್ಟಿ. ಪ್ರತಿ ಶಾಲೆಗೂ ಅಕ್ಷಾಂಶ, ರೇಖಾಂಶ ಸೇರಿಸಿ, ಅದರ ಮೇಲೆ ನದಿಯ ನೆರೆ ಎಲ್ಲಿಯವರೆಗೆ ಹರಡಿತ್ತು ಎಂಬ ಇನ್ನೊಂದು ಪದರ ಇಟ್ಟರೆ, ಯಾವ ಶಾಲೆಗಳು ನೀರಿನೊಳಗಿದ್ದವು ಎಂದು ಕೇಳಬಹುದು. ಎರಡೂ ಕಡೆ ಒಂದೇ ಥರದ ಕಾಲಂ ಒಂದೂ ಇಲ್ಲ, ಜಾಗ ಮಾತ್ರ ಅವನ್ನು ಕೂಡಿಸುತ್ತದೆ. ಇದನ್ನು ‘ಸ್ಪೇಷಿಯಲ್ ಜಾಯಿನ್’ ಅನ್ನುತ್ತಾರೆ. ‘ಪ್ರಾದೇಶಿಕ ಜೋಡಣೆ’ ಎಂದುಬಿಟ್ಟರೆ ಎರಡು ಪ್ರಾಂತ್ಯಗಳು ವಿಲೀನವಾದ ಹಾಗೆ ಕೇಳುತ್ತದೆ!

1854ರಲ್ಲಿ ವೈದ್ಯ ಜಾನ್ ಸ್ನೋ ಲಂಡನ್ನಿನ ಕಾಲರಾ ಸಾವುಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ಅವು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದು ಕಂಡಿತು. ಆಗ ಕಂಪ್ಯೂಟರ್ ಎಲ್ಲಿತ್ತು? 1960ರ ದಶಕದಲ್ಲಿ ಕೆನಡಾದಲ್ಲಿ ಭೂಗೋಳಶಾಸ್ತ್ರಜ್ಞ ರೋಜರ್ ಟಾಮ್ಲಿನ್ಸನ್ ಅಲ್ಲಿನ ಭೂಮಿಯ ಬಳಕೆಯನ್ನು ಲೆಕ್ಕ ಹಾಕಲು ಕಂಪ್ಯೂಟರ್ ವ್ಯವಸ್ಥೆ ಕಟ್ಟಿದಾಗಲೂ ವಿಚಾರ ಇದೇ. ಯಾವುದರ ಹತ್ತಿರ ಯಾವುದಿದೆ, ಯಾವುದರ ಮೇಲೆ ಯಾವುದು ಬೀಳುತ್ತದೆ.

ಹುದ್ದೆಯ ಹೆಸರಿಗೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಜಿಐಎಸ್ ಎಂದರೆ ಸುಮ್ನೆ ನಕ್ಷೆ ಬಿಡಿಸುವುದು ಎಂದು ತಿಳಿದವರೇ ಜಾಸ್ತಿ. ಆರಂಭದ ಕೆಲಸ ಹಾಗೆ ಕಾಣುವುದೂ ನಿಜ, ಉಪಗ್ರಹ ಚಿತ್ರದ ಮೇಲೆ ರಸ್ತೆ, ಕಟ್ಟಡಗಳ ಅಂಚು ಎಳೆಯುತ್ತಾ ಕೂರಬೇಕು, ತಪ್ಪು ಡೇಟಾ ತಿದ್ದಬೇಕು, ಬೇಸರ ಬರುತ್ತದೆ. ಮುಂದೆ ದಾರಿಗಳು ಕವಲೊಡೆಯುತ್ತವೆ. ನೀರಿನ ಪೈಪು, ವಿದ್ಯುತ್ ಜಾಲ ನೋಡಿಕೊಳ್ಳುವವರಿಗೆ, ನೆರೆಯ ಅಪಾಯ ಅಳೆಯುವ ವಿಮೆಯವರಿಗೆ, ಬಸ್ ಮಾರ್ಗ ಹಾಕುವವರಿಗೆ ಅನಲಿಸ್ಟ್ ಬೇಕು. ಪೈಥಾನ್, ಎಸ್‌ಕ್ಯೂಎಲ್‌ನಂಥ ಕಂಪ್ಯೂಟರ್ ಭಾಷೆಗಳು ಬಂದರೆ ತಂತ್ರಾಂಶ ಕಟ್ಟುವ ಡೆವಲಪರ್ ಕಡೆ ಹೋಗಬಹುದು. ಕಾಡು, ಬೆಳೆ ನೋಡುವ ಆಸೆಯಿದ್ದರೆ ದೂರಸಂವೇದಿ, ಅಂದರೆ ಉಪಗ್ರಹ ಚಿತ್ರಗಳಿಂದ ನೆಲದ ಸ್ಥಿತಿ ಅರಿಯುವ ಕೆಲಸ. ಲ್ಯಾಂಡ್‌ಸ್ಯಾಟ್ ಮತ್ತು ಸೆಂಟಿನೆಲ್ ಉಪಗ್ರಹಗಳ ಚಿತ್ರಗಳು ಉಚಿತ, ಜಿಐಎಸ್ ಕೆಲಸಕ್ಕೆ ಬಳಸುವ ಕ್ಯೂಜಿಐಎಸ್ ತಂತ್ರಾಂಶವೂ ಉಚಿತ, ಹಾಗಾಗಿ ಕಲಿಯಲು ಕಾಸು ಅಡ್ಡ ಬರುವುದಿಲ್ಲ. ಆದರೆ ಬಟನ್ ಒತ್ತುವುದನ್ನಷ್ಟೇ ಕಲಿತವರು 500 ಮೀಟರ್ ಅಂದುಕೊಂಡು ಅಕ್ಷಾಂಶ-ರೇಖಾಂಶದ ಡೇಟಾ ಮೇಲೆ ‘500’ ಎಂದು ಬಫರ್ (ಒಂದು ವಸ್ತುವಿನ ಸುತ್ತ ಇಂತಿಷ್ಟು ದೂರದವರೆಗಿನ ಆವರಣ) ಹಾಕಿ ಕೂರುತ್ತಾರೆ, ಅಲ್ಲಿ ಅಳತೆ ಡಿಗ್ರಿಯಲ್ಲಿರಬಹುದು, ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿಲೋಮೀಟರ್! (ಈ ಬಫರ್ ಹಾಗೇ ಇರಲಿ. ವಿಡಿಯೋ ನಿಂತು ಸುತ್ತುವ ಬಫರಿಂಗ್ ಅಲ್ಲ ಎಂದು ಒಂದು ಸಾಲು ಸೇರಿಸಿದರೆ ಸಾಕು.)

ಈಗ ನನ್ನ ಮುಂದಿರುವ ಪದಗಳು. ‘ಸ್ಥಳೀಯ’ ಆಗುವುದಿಲ್ಲ, ಅದು ‘ಲೋಕಲ್’. ‘ಸ್ಥಳಾಧಾರಿತ’ ಅರ್ಧ ಸರಿ, ಆದರೆ ಫೋನು ಹತ್ತಿರದ ಬಸ್ ನಿಲ್ದಾಣ ತೋರಿಸುವಂಥ ಸೇವೆಗೆ ಅದು ಜಾಸ್ತಿ ಒಪ್ಪುತ್ತದೆ, ಒಂದು ಕಾಡು ಎಷ್ಟು ತುಂಡಾಗಿದೆ ಎಂದು ನೋಡುವ ಕೆಲಸಕ್ಕೆ ಸಾಲದು. ‘ದೇಶ-ಕಾಲ’ ಜೋಡಿಯಿಂದ ‘ದೈಶಿಕ’ ಮಾಡಬಹುದು, ಶಾಸ್ತ್ರಕ್ಕೆ ಸರಿ, ಆದರೆ ಕಿವಿಗೆ ದೇಶವೇ ಬೀಳುತ್ತದೆ. ನನಗೆ ಹಿಡಿಸಿದ್ದು ‘ನೆಲೆ’. ನೆಲೆ ಮಾಹಿತಿ, ನೆಲೆ ಜೋಡಣೆ, ನೆಲೆ ಮಾಹಿತಿ ವಿಶ್ಲೇಷಕ. ‘ಆ ನೆಲೆಯಲ್ಲಿ’, ‘ಸೇನಾ ನೆಲೆ’ ಎಂಬ ಬಳಕೆ ಇದೆಯಲ್ಲ ಎಂದು ನೀವು ಕೇಳಬಹುದು. ಪಕ್ಕದಲ್ಲಿ ‘ಮಾಹಿತಿ’ ಇದ್ದರೆ ಗೊಂದಲ ಆಗಲಿಕ್ಕಿಲ್ಲ ಎಂದು ನನ್ನ ಎಣಿಕೆ.

ಇದಕ್ಕಿಂತ ಚೆನ್ನಾದ ಪದ ಇದ್ದರೆ ಹೇಳಿ. ಒಂದೇ ಷರತ್ತು: ಡೇಟಾ, ಜಾಯಿನ್, ಅನಲಿಸ್ಟ್ ಮೂರರ ಹಿಂದೆಯೂ ಅದು ಸಲೀಸಾಗಿ ಕೂರಬೇಕು. ‘ಸ್ಪೇಷಿಯಲ್’ ಎಂದೇ ಬಿಡಿ ಅನ್ನುವವರೂ ಕಾರಣ ಕೊಡಿ.