ಸಹಾಯ ಬೇಕು: ‘ಟ್ರೋಫಿ ವೈಫ್’ ಎಲ್ಲಿ ನೋಡಬಹುದು?

ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 2013–14ರಲ್ಲಿ ಬಂದ ‘ಟ್ರೋಫಿ ವೈಫ್’ ಕಾಮಿಡಿ ಸೀರಿಯಲ್ ಯಾರಾದರೂ ನೋಡಿದ್ದೀರಾ? ಒಂದೇ ಸೀಸನ್, 22 ಎಪಿಸೋಡ್. ಅಷ್ಟಕ್ಕೇ ನಿಲ್ಲಿಸಿಬಿಟ್ಟರು.

ಮಾಲಿನ್ ಆಕರ್‌ಮನ್ ಮಾಡಿರುವ ಕೇಟ್, ಪೀಟ್ ಎಂಬ ಲಾಯರ್‌ನ ಮೂರನೇ ಹೆಂಡತಿ. ಮೊದಲ ಇಬ್ಬರು ಹೆಂಡತಿಯರೂ ಅವರ ಮನೆಗೆ ಬಂದು ಹೋಗುತ್ತಲೇ ಇರುತ್ತಾರೆ. ಜೊತೆಗೆ ಮೂರು ಮಕ್ಕಳು. ಮೊದಲನೆಯವಳು ಡಯಾನ್, ಡಾಕ್ಟರು, ಮಹಾ ಸ್ಟ್ರಿಕ್ಟ್. ಆ ಪಾತ್ರ ಮಾಡಿರುವ ಮಾರ್ಸಿಯಾ ಗೇ ಹಾರ್ಡನ್ ಸುಮ್ನೆ ನಿಂತು ನೋಡಿದರೂ ಸಾಕು, ನಗು ಬರುತ್ತದೆ. ಮೊದಲ ಎಪಿಸೋಡ್‌ನಲ್ಲಿ ಡಯಾನ್ ಮಗಳ ನೀರಿನ ಬಾಟಲಿಯಲ್ಲಿ ವೋಡ್ಕಾ ಇರುತ್ತದೆ. ಡಯಾನ್‌ಗೆ ಗೊತ್ತಾಗಬಾರದು ಅಂತ ಕೇಟ್ ಅದನ್ನು ಗಟಗಟ ಕುಡಿದುಬಿಡುತ್ತಾಳೆ! ಮಲತಾಯಿ ಅಂದರೆ ಕೆಟ್ಟವಳೇ ಆಗಿರಬೇಕು ಅನ್ನೋ ಹಳೇ ಲೆಕ್ಕ ಇಲ್ಲಿಲ್ಲ, ಅದೇ ನನಗೆ ಜಾಸ್ತಿ ಇಷ್ಟ. ಚಿಕ್ಕ ಹುಡುಗ ಬರ್ಟ್ ಅಂತೂ ಚಿನ್ನ.

ಇದನ್ನು ಅಕ್ಕನಿಗೆ ತೋರಿಸಬೇಕು. ಭಾರತದಲ್ಲಿ ಈಗ ದುಡ್ಡು ಕೊಟ್ಟು ನೋಡುವ ದಾರಿ ಇದೆಯಾ? ಸಬ್‌ಟೈಟಲ್ ಬೇಕೇ ಬೇಕು, ಎಲ್ಲರೂ ಪಟಪಟ ಮಾತಾಡ್ತಾರೆ. ಅಮೆರಿಕದಲ್ಲಿ ಇರುವವರು ಡಿವಿಡಿ ಸಿಗುತ್ತದಾ ನೋಡಿ ಹೇಳಿದರೂ ಉಪಕಾರ. ಕದ್ದ ಕಾಪಿಯ ಲಿಂಕ್ ಮಾತ್ರ ಬೇಡ ಪ್ಲೀಸ್. ಇದೇ ಥರದ ಬೇರೆ ಸೀರಿಯಲ್ ಗೊತ್ತಿದ್ದರೆ ಅದನ್ನೂ ಹೇಳಿ. ‘ಮಾಡರ್ನ್ ಫ್ಯಾಮಿಲಿ’ ಆಗಲೇ ನೋಡಿ ಮುಗಿಸಿದ್ದೇವೆ.