ಪ್ರಶ್ನೋತ್ತರ: ಕಳ್ಳನಿಗೆ ಹೊಡ್ದದ್ದು ಹೆಚ್ಚಾದ್ರೆ ಎಷ್ಟು ವರ್ಷ?

ಪೆರ್ಲದವ: ವಕೀಲ್ರೆ ನಮಸ್ಕಾರ. ರಾತ್ರಿ ಎರಡು ಗಂಟೆಗೆ ಒಬ್ಬ ನಮ್ಮ ಮಾವನ ಅಂಗಳದಿಂದ ಅಡಿಕೆ ಗೋಣಿ ಹೊತ್ಕೊಂಡು ಹೋಗ್ತಿದ್ದ, ಮಾವ ಬೊಬ್ಬೆ ಹಾಕಿದ್ರು, ಅವ ಕತ್ತಿ ತೆಗೆದ, ಇವ್ರು ದೊಣ್ಣೆಯಲ್ಲಿ ಭುಜಕ್ಕೆ ಕೊಟ್ರು, ಅವ ಗೋಣಿ ಬಿಸಾಡಿ ಓಡಿದ, ಬೇಲಿ ದಾಟುವ ತಡಮೆ ಹತ್ರ ಇನ್ನೊಂದು ಪೆಟ್ಟು ತಲೆಗೆ ಬಿತ್ತು. ಆಸ್ಪತ್ರೆಯಲ್ಲಿ ತೀರಿಹೋದ. ಪೊಲೀಸ್ರು ಕೊಲೆ ಅಂತ ಹಾಕಿದ್ದಾರೆ. ಎಷ್ಟು ವರ್ಷ ಆಗ್ಬಹುದು?

ಕುಂಬಳೆ ಹುಡುಗ: ಕೇಸೇ ನಿಲ್ಲುದಿಲ್ಲ. ಕಳ್ಳನನ್ನು ಕೊಂದ್ರೆ ತಪ್ಪಿಲ್ಲ ಅಂತ ಹೊಸ ಕಾನೂನು ಬಂದಿದೆ, ಫಾರ್ವರ್ಡ್ ಹಾಕ್ತೇನೆ.

ವಕೀಲರು: ಹಾಕ್ಬೇಡಿ. ಅಂಥ ಕಾನೂನು ಇಲ್ಲ.
ಪೆರ್ಲದವ್ರೆ, ಮೊದಲ ಪೆಟ್ಟಿಗೆ ನನ್ಗೆ ಹೆದರಿಕೆ ಇಲ್ಲ, ಎದುರು ಕತ್ತಿ ಇತ್ತು. ಎರಡನೇದೇ ತಲೆಬಿಸಿ. ಗೋಣಿ ಬಿದ್ದಲ್ಲಿಗೆ ಸೊತ್ತು ವಾಪಸ್ ಸಿಕ್ತು, ಬೆನ್ನು ಹಾಕಿ ಓಡಿದಲ್ಲಿಗೆ ಜೀವಭಯ ಹೋಯ್ತು, ಮತ್ತೆ ಎಂತ ಆತ್ಮರಕ್ಷಣೆ ಅಂತ ಸರ್ಕಾರಿ ವಕೀಲರು ಕೇಳಿಯೇ ಕೇಳ್ತಾರೆ. ಅವ ತಡಮೆ ಹತ್ರ ಕತ್ತಿ ಹಿಡ್ಕೊಂಡು ತಿರುಗಿ ನಿಂತಿದ್ನಾ? ಪೋಸ್ಟ್‌ಮಾರ್ಟಂನಲ್ಲಿ ಗಾಯ ಹಣೆಗಾ, ಹಿಂದಲೆಗಾ? ಆತ್ಮರಕ್ಷಣೆಯ ಹಕ್ಕು ಇನ್ನೂ ಇದ್ದು, ಮೊದಲೇ ಯೋಚನೆ ಮಾಡದೆ ಗಾಬರಿಯಲ್ಲಿ ಮಿತಿ ಮೀರಿದ್ರೆ ಅದು ಕೊಲೆ ಅಲ್ಲ, ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) 101ರ ಎರಡನೇ ವಿನಾಯಿತಿ. ಆಗ ಶಿಕ್ಷೆ 105ರಲ್ಲಿ: ಕೊಲ್ಲುವ ಅಥವಾ ಸಾಯುವಂಥ ಗಾಯ ಮಾಡುವ ಉದ್ದೇಶ ಇತ್ತು ಅಂತಾದ್ರೆ ಜೀವಾವಧಿ, ಇಲ್ಲಾ 5ರಿಂದ 10 ವರ್ಷ. ಸಾಯಬಹುದು ಅಂತ ಗೊತ್ತಿತ್ತು ಅಷ್ಟೇ ಅಂತಾದ್ರೆ 10ರ ಒಳಗೆ, ಕನಿಷ್ಠ ಇಲ್ಲ. ಎರಡಕ್ಕೂ ದಂಡ ಉಂಟು. ಘಟನೆ 2024 ಜುಲೈ 1ಕ್ಕೆ ಮೊದಲಿನದ್ದಾದ್ರೆ ಹಳೆ ಐಪಿಸಿ 304, ಅದ್ರಲ್ಲಿ ಈ 5ರ ಕನಿಷ್ಠವೇ ಇರ್ಲಿಲ್ಲ. ತಾರೀಕು ಮೊದ್ಲು ಹೇಳಿ.

ಬೇಲಿ ಭಟ್ಟ: ಹಂದಿಗೆ ಅಂತ ಬೇಲಿಗೆ ಕರೆಂಟ್ ಕೊಟ್ಟದ್ದಕ್ಕೆ ಕಳ್ಳ ಸಿಕ್ಕಿ ಸತ್ರೆ?

ಉಪ್ಪಳ: ಸರ್ ಆತ್ಮರಕ್ಷಣೆಗೆ ಎಷ್ಟು ವರ್ಷ?

ವಕೀಲರು: ಮೇಲೆ ಓದಿ.

ಕುಂಬಳೆ ಹುಡುಗ: ಕತ್ತಿ ಹಿಡಿದವನ ಎದುರು ತಕ್ಕಡಿಯಲ್ಲಿ ತೂಗಿ ಹೊಡೀಲಿಕ್ಕೆ ಆಗ್ತದಾ ಮಾರಾಯ್ರೆ?

ವಕೀಲರು: ತಕ್ಕಡಿ ಬೇಡ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಓಡುವವನನ್ನು ಅಟ್ಟಿಸ್ಕೊಂಡು ಹೋಗಿ ಹೊಡಿ ಅಂತ ಹೇಳಿಲ್ಲ.

ಮುಳ್ಳೇರಿಯ ಅಕ್ಕ: ಸತ್ತವನಿಗೂ ಮನೆ ಉಂಟು, ಒಂದು ಗೋಣಿ ಅಡಿಕೆಗೆ ಒಂದು ಜೀವ.

ಕುಂಬಳೆ ಹುಡುಗ: ಅಕ್ಕಾ ನಿಮ್ಮ ಅಡಿಕೆ ಹೋಗಿದ್ರೆ ಗೊತ್ತಾಗ್ತಿತ್ತು.

ಮುಳ್ಳೇರಿಯ ಅಕ್ಕ: ಹೋಗಿದೆ, ಹೋದ ವರ್ಷ ಎರಡು ಗೋಣಿ. ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಟ್ಟೆ. ನೀನು ಮೊಬೈಲಲ್ಲಿ ಮಾತ್ರ ಶೂರ.

ಕುಂಬಳೆ ಹುಡುಗ: ಕಂಪ್ಲೇಂಟ್ ಕೊಟ್ಟು ಅಡಿಕೆ ಸಿಕ್ತಾ?

ಉಪ್ಪಳ: ಸತ್ತವನ ಕೈಗೆ ನಾವೇ ಒಂದು ಕತ್ತಿ ಇಟ್ರೆ ಸೇಫ್ ಅಂತ ವಿಡಿಯೋ ನೋಡಿದೆ.

ವಕೀಲರು: ಅದು ಸುಳ್ಳು ಸಾಕ್ಷ್ಯ ಸೃಷ್ಟಿ, ಇನ್ನೊಂದು ಕೇಸು. ಆಮೇಲೆ ನಿಜವಾದ ಕತ್ತಿಯನ್ನೂ ಯಾರೂ ನಂಬುದಿಲ್ಲ. ಆ ವಿಡಿಯೋ ಮಾಡಿದವನನ್ನೇ ವಕೀಲ ಮಾಡ್ಕೊಳ್ಳಿ.

ಪೆರ್ಲದವ: ನಮ್ದು ಕೇರಳ ಅಲ್ವಾ, ಚಾರ್ಜ್‌ಶೀಟ್ ಮಲಯಾಳದಲ್ಲಿ ಬಂದ್ರೆ ಮಾವನಿಗೆ ಓದ್ಲಿಕ್ಕೆ ಬರುದಿಲ್ಲ ಸರ್. ಮತ್ತೆ ಆ ಗಾಯ

ವಕೀಲರು: ಅರ್ಜಿ ಕೊಟ್ಟು ಕನ್ನಡ ತರ್ಜುಮೆ ಕೇಳುವ. ಗಾಯದ್ದು ಒಂದಕ್ಷರ ಇಲ್ಲಿ ಬರೀಬೇಡಿ, ಇಷ್ಟು ಜನರ ಎದುರು ಕೇಳಿದ್ದು ನನ್ನದೇ ತಪ್ಪು. ಕಾಗದಪತ್ರ ಹಿಡ್ಕೊಂಡು ನಾಳೆ ಕಾಸರಗೋಡು ವಿದ್ಯಾನಗರ ಕೋರ್ಟ್ ಹತ್ರ ಬನ್ನಿ.

ಬೇಲಿ ಭಟ್ಟ: ನನ್ನ ಬೇಲಿದು?