0.50 ಇಂಚಿನ ಕೋವಿಗೆ ಯಾವ ಅಳತೆಯ ಗುಂಡು, ಯಾವ ಅಚ್ಚು?

ಪ್ರಶ್ನೆ (ಕೊಥ್ರೂಡ್, ಪುಣೆ)

ಪೆನ್ಸಿಲ್ವೇನಿಯಾದಲ್ಲಿ ನೆಲೆಸಿರುವ ನನ್ನ ಅಣ್ಣ, ಬಾಯಿಯಿಂದ ಮದ್ದು ತುಂಬುವ 0.50 ಇಂಚಿನ ರೈಫಲ್ ಕೊಂಡಿದ್ದಾನೆ. ನಳಿಗೆಯೊಳಗಿನ ಸುರುಳಿ 48 ಇಂಚಿಗೆ ಒಂದು ಸುತ್ತು. 0.495 ಇಂಚಿನ ಗುಂಡನ್ನು 0.015 ಇಂಚು ದಪ್ಪದ ಬಟ್ಟೆಯಲ್ಲಿಟ್ಟು ತುಂಬಿದರೆ ಮೊದಲನೆಯದು ಹೇಗೋ ಇಳಿಯುತ್ತದೆ, ಮೂರನೆಯದು ನಡುವೆಯೇ ಸಿಕ್ಕಿಕೊಳ್ಳುತ್ತದೆ. 0.480ರ ಗುಂಡು ಸಲೀಸಾಗಿ ಇಳಿದರೂ 50 ಗಜದಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ. ಈಗ ಅವನು ತಾನೇ ಸೀಸದ ಗುಂಡು ಎರೆದುಕೊಳ್ಳಲು ಅಚ್ಚು ಕೊಳ್ಳಬೇಕೆಂದಿದ್ದಾನೆ. ಉರುಟು ಗುಂಡಿನದೋ, ಉದ್ದ ಗುಂಡಿನದೋ? ಮುಂದಿನ ತಿಂಗಳು ನಾನೂ ಅಲ್ಲಿಗೆ ಹೋಗುವವನಿದ್ದೇನೆ.

ಉತ್ತರ (ಮಡಗಾಂವ್, ಗೋವಾ)

ಮೊದಲು ಒಂದು ಮಾತು: ನಡುವೆ ಸಿಕ್ಕಿಕೊಂಡ ಗುಂಡನ್ನು ಎಂದಿಗೂ ಹಾರಿಸಬಾರದೆಂದು ನಿಮ್ಮ ಅಣ್ಣನಿಗೆ ಹೇಳಿ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು.

ನಾನು ಕೊಡಗಿನವನು, ನಮ್ಮ ಮನೆಯ ಕೇಪಿನ ಕೋವಿಯ ನಳಿಗೆ ಒಳಗೆ ನುಣುಪು, ಅದಕ್ಕೆ ಇಷ್ಟು ಲೆಕ್ಕಾಚಾರ ಬೇಕಿರಲಿಲ್ಲ. ರೈಫಲ್ಲಿನಲ್ಲಿ ಹಾಗಲ್ಲ. ಬಟ್ಟೆಯಲ್ಲಿಟ್ಟ ಉರುಟು ಗುಂಡು ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಮುಟ್ಟುವುದೇ ಇಲ್ಲ. ಅದನ್ನು ತಿರುಗಿಸುವುದು ಗೀರುಗಳಲ್ಲಿ ಕಚ್ಚಿಕೊಂಡ ಬಟ್ಟೆ. ಆದ್ದರಿಂದ ಗುಂಡಿನ ಅಳತೆಯನ್ನು ಬಟ್ಟೆಯ ದಪ್ಪದಿಂದ ಬೇರ್ಪಡಿಸಿ ಯೋಚಿಸಲಾಗದು. 0.50ರ ನಳಿಗೆಗೆ 0.490ರ ಗುಂಡು, 0.015ರ ಬಟ್ಟೆ ಎಂಬುದು ವಾಡಿಕೆಯ ಆರಂಭ. ಮೂರನೆಯ ಗುಂಡು ಸಿಕ್ಕಿಕೊಳ್ಳುವುದಕ್ಕೆ ಅಳತೆಯಷ್ಟೇ ಕಾರಣವಲ್ಲ, ಕರಿಮದ್ದಿನ ಮಸಿಯೂ ಕಾರಣ. ಪ್ರತಿ ಗುಂಡಿನ ನಂತರ ಒದ್ದೆ ಬಟ್ಟೆಯಿಂದ ನಳಿಗೆ ಒರೆಸಿ, ಒಣಗಿಸಿ ತುಂಬಲಿ. ಹಾರಿದ ಬಟ್ಟೆಗಳನ್ನು ಹೆಕ್ಕಿ ನೋಡಲಿ: ಸುಟ್ಟು ತೂತಾಗಿದ್ದರೆ ಹಿಡಿತ ಸಡಿಲವಾಗಿದೆ, ಕತ್ತರಿಸಿದಂತಿದ್ದರೆ ಗೀರಿನ ಅಂಚೋ ಕೋವಿಯ ಬಾಯಿಯೋ ಚೂಪಾಗಿದೆ.

ಉದ್ದ ಗುಂಡಿಗೆ ಬಿಗಿಯಾದ ಸುರುಳಿ, ಅಂದರೆ 28 ಇಂಚಿಗೆ ಒಂದು ಸುತ್ತಿನಂಥದ್ದು, ಹೆಚ್ಚು ಒಗ್ಗುತ್ತದೆ. ಉರುಟು ಗುಂಡಿಗೆ 60–70 ಇಂಚಿನದೂ ಸಾಕು. 48 ಎರಡಕ್ಕೂ ರಾಜಿಯಾದ ಲೆಕ್ಕ. ನಾನಾದರೆ 0.490ರ ಉರುಟು ಅಚ್ಚನ್ನೇ ಕೊಳ್ಳುತ್ತೇನೆ.

ಅಚ್ಚಿನ ಮೇಲಿನ ಅಂಕಿಯನ್ನು ನಂಬದೆ ಗುಂಡನ್ನೇ ಅಳೆಯಬೇಕು, ಏಕೆಂದರೆ ಗಟ್ಟಿ ಮಿಶ್ರಲೋಹವು ಅಪ್ಪಟ ಸೀಸದಷ್ಟು ಕುಗ್ಗದೆ ತುಸು ದಪ್ಪಗೆ ಬೀಳುತ್ತದೆ. ಅಪ್ಪಟ ಸೀಸದಲ್ಲಿ 0.490ರ ಗುಂಡು ಸುಮಾರು 177 ಗ್ರೇನ್ (ಸುಮಾರು 11.5 ಗ್ರಾಂ) ತೂಗುತ್ತದೆ. ಗಮನಾರ್ಹವಾಗಿ ಕಡಿಮೆ ತೂಗಿದರೆ ಒಳಗೆ ಗುಳ್ಳೆಯಿದೆ. ಮೀನುಗಾಳಕ್ಕೆ ನಾನೇ ಸೀಸ ಎರೆದುಕೊಳ್ಳುವವನಾದ್ದರಿಂದ ಹೇಳುತ್ತೇನೆ: ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಅದು ಮುಖಕ್ಕೆ ಸಿಡಿಯುತ್ತದೆ. ಗಾಳಿಯಾಡುವ ಕಡೆ, ಕನ್ನಡಕ ಹಾಕಿಕೊಂಡೇ ಎರೆಯಲಿ.

ಉತ್ತರ (ಡೊಂಬಿವಲಿ)

ಬಟ್ಟೆ ವ್ಯಾಪಾರದವನಾಗಿ ಒಂದು ಮಾತು ಸೇರಿಸುತ್ತೇನೆ. ಅಪ್ಪಟ ಹತ್ತಿಯದೇ ಬೇಕು. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ನಳಿಗೆಗೆ ಅಂಟುತ್ತದೆ. ಹೊಸ ಬಟ್ಟೆಯ ಗಂಜಿ ಹೋಗುವಂತೆ ಒಗೆದು, ಒಣಗಿಸಿ, ಆಮೇಲೆ ಮೈಕ್ರೋಮೀಟರಿನಲ್ಲಿ ಒತ್ತಿ ಅಳೆಯಿರಿ.

ಪ್ರಶ್ನಿಸಿದವರು

ಇಬ್ಬರಿಗೂ ವಂದನೆಗಳು. ಅಣ್ಣ ಹೆಕ್ಕಿಟ್ಟಿದ್ದ 0.480ರ ಗುಂಡಿನ ಬಟ್ಟೆಗಳ ಚಿತ್ರ ಕಳಿಸಿದ್ದಾನೆ; ಎಲ್ಲವೂ ನಡುವೆ ಸುಟ್ಟು ತೂತಾಗಿವೆ. 0.490ರ ಅಚ್ಚಿಗೆ ಹೇಳಿದ್ದಾನೆ. ಬಟ್ಟೆ ಒಯ್ಯುವ ಕೆಲಸ ನನ್ನ ಪಾಲಿಗೆ ಬಂದಿದೆ.